183 ಡಿಗ್ರಿಯಲ್ಲಿ ನಿಂತುಬಿಡುವ ಬೆಸುಗೆ

ಓದುಗರ ಪತ್ರ: ‘ಶುದ್ಧ ಲೋಹ ಒಂದೇ ತಾಪಮಾನದಲ್ಲಿ ಕರಗುತ್ತದೆ, ಮಿಶ್ರಲೋಹ ಹಾಗಲ್ಲ’ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಇಪ್ಪತ್ತು ವರ್ಷಗಳಿಂದ ರೇಡಿಯೊ, ಟಿ.ವಿ. ದುರಸ್ತಿ ಮಾಡುತ್ತಿದ್ದೇನೆ. ತವರ 63, ಸೀಸ 37 ಪಾಲಿನ ಬೆಸುಗೆ ತಂತಿಯನ್ನು ಚಿಕ್ಕ ಕಬ್ಬಿಣದ ಬಟ್ಟಲಲ್ಲಿ ಕರಗಿಸಿ, ಮಲ್ಟಿಮೀಟರಿನ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ಅದ್ದಿ ಆರಲು ಬಿಟ್ಟೆ. 183 ಡಿಗ್ರಿಗೆ ಬಂದು ನಿಂತಿತು. ಪೂರ್ತಿ ಗಟ್ಟಿಯಾಗುವವರೆಗೂ ಅಂಕಿ ಕದಲಲಿಲ್ಲ. ಎರಡೂ ಲೋಹ ಸಮವಾಗಿರುವ ಹಳೆಯ ಕಡ್ಡಿ 212ರ ಆಸುಪಾಸಿನಲ್ಲಿ ಗಂಜಿಯಂತಾಗತೊಡಗಿತು, ಆದರೆ ಕೊನೆಗೆ ಅದೂ 183ರಲ್ಲೇ ನಿಂತಿತು. ತಪ್ಪು ನನ್ನ ಮೀಟರಿನದೋ, ನಿಮ್ಮ ಲೇಖನದ್ದೋ? ಗಟ್ಟಿಯಾಗಿರುವ ಲೋಹದಲ್ಲೂ ತಾಪಮಾನ ಹೀಗೆ ನಿಲ್ಲುವುದುಂಟೆ? (ದಾವಣಗೆರೆಯ ಓದುಗರು)

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಮೀಟರು ಸರಿಯಾಗಿದೆ. ಲೇಖನದ ಆ ವಾಕ್ಯ ಅರ್ಧ ನಿಜವನ್ನಷ್ಟೇ ಹೇಳಿತ್ತು. ನೀವು ಬಟ್ಟಲಿಟ್ಟು ನೋಡಿದಿರಿ ಎಂಬುದು ನನಗೆ ಬಹಳ ಸಂತೋಷ ಕೊಟ್ಟಿತು. ಓದಿದ್ದನ್ನು ಒಲೆಯ ಮೇಲಿಟ್ಟು ಪರೀಕ್ಷಿಸುವ ಓದುಗರಿಗೆ ಪೂರ್ತಿ ಉತ್ತರ ಕೊಡಬೇಕಾದದ್ದು ನಮ್ಮ ಕರ್ತವ್ಯ.

ಮೊದಲು ಬರೀ ತವರವನ್ನು ತೆಗೆದುಕೊಳ್ಳೋಣ. ಒಂದು ಗ್ರಾಂ ತವರವನ್ನು ಕೋಣೆಯ ತಾಪಮಾನದಿಂದ ಅದು ಕರಗುವ 232 ಡಿಗ್ರಿಯವರೆಗೆ ಕಾಯಿಸಲು ಸುಮಾರು 50 ಜೂಲ್ ಶಾಖ ಬೇಕು. ಅಲ್ಲಿಗೆ ತಲುಪಿದ ಮೇಲೆ, ತಾಪಮಾನ ಒಂದು ಡಿಗ್ರಿಯೂ ಏರದೆ ಬರೀ ಕರಗುವುದಕ್ಕೆ ಇನ್ನೂ ಸುಮಾರು 60 ಜೂಲ್ ಬೇಕು. ಅಂದರೆ ಅಲ್ಲಿಯವರೆಗಿನ ಇಡೀ ದಾರಿಗೆ ಹಿಡಿದ ಶಾಖಕ್ಕಿಂತ, ನಿಂತ ಜಾಗದಲ್ಲಿ ಹಿಡಿಯುವ ಶಾಖವೇ ಹೆಚ್ಚು! ಅದೆಲ್ಲ ಪರಮಾಣುಗಳ ಅಚ್ಚುಕಟ್ಟಾದ ಸಾಲುಗಳನ್ನು ಬಿಡಿಸುವುದಕ್ಕೆ ವ್ಯಯವಾಗುತ್ತದೆ. ಆರುವಾಗ ಅಷ್ಟೂ ಶಾಖ ಹೊರಬರುತ್ತದೆ. ಬಟ್ಟಲು ಗಾಳಿಗೆ ಕಳೆದುಕೊಳ್ಳುವುದನ್ನು ಅದು ತುಂಬಿಕೊಡುತ್ತಿರುವವರೆಗೂ ಅಂಕಿ ಕದಲುವುದಿಲ್ಲ. ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಬೋಧಿಸಿದ ಗುಪ್ತೋಷ್ಣ ಇದೇ. ಈ ನಿಲುಗಡೆ ಎಷ್ಟು ಭದ್ರವೆಂದರೆ, 1990ರ ಅಂತರರಾಷ್ಟ್ರೀಯ ತಾಪಮಾನ ಮಾಪಕವು ತವರ ಹೆಪ್ಪುಗಟ್ಟುವ 231.928 ಡಿಗ್ರಿಯನ್ನೇ ಒಂದು ಮೈಲಿಗಲ್ಲಾಗಿ ನೆಟ್ಟುಕೊಂಡಿದೆ.

ಇನ್ನು ನಿಮ್ಮ ಹಳೆಯ ಕಡ್ಡಿ. ಇದಕ್ಕೆ ಆಲೆಮನೆಯನ್ನು ನೆನಪಿಸಿಕೊಳ್ಳಿ. ಬರೀ ನೀರು ಎಷ್ಟು ಹೊತ್ತು ಕುದಿದರೂ ನೂರರ ಸುತ್ತಲೇ ಇರುತ್ತದೆ. ಕಬ್ಬಿನ ಹಾಲು ಹಾಗಲ್ಲ. ಕುದಿಯುತ್ತಾ ಕುದಿಯುತ್ತಾ ಅದರ ತಾಪಮಾನ ಏರಿ, ಬೆಲ್ಲದ ಪಾಕ ಬರುವ ಹೊತ್ತಿಗೆ ಸುಮಾರು 118 ಮುಟ್ಟುತ್ತದೆ. ಹಬೆಯಾಗಿ ಹೋಗುವುದು ನೀರು ಮಾತ್ರ, ಉಳಿದದ್ದರಲ್ಲಿ ಸಕ್ಕರೆಯ ಪಾಲು ಹೆಚ್ಚುತ್ತಲೇ ಇರುತ್ತದೆ. ಕೊಪ್ಪರಿಗೆಯಲ್ಲಿ ಈ ಕ್ಷಣ ಇರುವ ದ್ರವ ಮರುಕ್ಷಣ ಇರುವುದಿಲ್ಲ, ಹಾಗಾಗಿ ಅದರ ಕುದಿಯುವ ಬಿಂದುವೂ ಇರುವುದಿಲ್ಲ.

ಸಮಪಾಲಿನ ಕಡ್ಡಿಯಲ್ಲಿ ಆದದ್ದೂ ಇದೇ, ದಿಕ್ಕು ಮಾತ್ರ ಬೇರೆ. 212ರ ಹತ್ತಿರ ಮೊದಲು ಹೆಪ್ಪುಗಟ್ಟುವ ಹರಳುಗಳಲ್ಲಿ ಬಹುಪಾಲು ಸೀಸ. ಸೀಸ ಹೊರಬಿದ್ದಂತೆ ಉಳಿದ ದ್ರವದಲ್ಲಿ ತವರದ ಪಾಲು ಏರುತ್ತದೆ. ಅಂಥ ದ್ರವ ಹೆಪ್ಪುಗಟ್ಟಲು ಇನ್ನೂ ತಣಿಯಬೇಕು. ಹರಳು ಮತ್ತು ದ್ರವ ಕಲಸಿಕೊಂಡಿರುವ ಆ ಹಂತವೇ ನೀವು ಕಂಡ ಗಂಜಿ. ಸೀಸದ ಕೊಳಾಯಿಗಳ ಕಾಲದಲ್ಲಿ ಕೆಲಸಗಾರರು ಸೀಸವೇ ಹೆಚ್ಚಿರುವ ಬೆಸುಗೆಯನ್ನು ಬೇಕೆಂದೇ ಆರಿಸುತ್ತಿದ್ದರು. ಗಂಜಿಯಾಗಿರುವಾಗ ಅದನ್ನು ದಪ್ಪ ಬಟ್ಟೆಯಿಂದ ಒರೆಸಿ ಸಂದಿಗೆ ಆಕಾರ ಕೊಡಬಹುದಿತ್ತು.

ದ್ರವದಲ್ಲಿ ತವರ ಸುಮಾರು ಶೇ 62 ಆದಾಗ ತಾಪಮಾನ 183ಕ್ಕೆ ಇಳಿದಿರುತ್ತದೆ. ಅಲ್ಲಿಂದ ಮುಂದೆ ತವರದ ಹರಳು, ಸೀಸದ ಹರಳು ಜೊತೆಜೊತೆಯಾಗಿ, ದ್ರವದಲ್ಲಿರುವ ಪ್ರಮಾಣದಲ್ಲೇ ಹೊರಬೀಳುತ್ತವೆ. ದ್ರವದ ಗುಣ ಬದಲಾಗದು, ಆದ್ದರಿಂದ ತಾಪಮಾನವೂ ಬದಲಾಗದು, ಕೊನೆಯ ಹನಿಯವರೆಗೂ. 63:37ರ ತಂತಿ ಈ ಪ್ರಮಾಣಕ್ಕೆ ಬಹಳ ಹತ್ತಿರದಲ್ಲೇ ಹುಟ್ಟಿದ್ದು, ಅದಕ್ಕೆ ಗಂಜಿಯ ದಾರಿ ಇಲ್ಲವೆನ್ನುವಷ್ಟು ಕಡಿಮೆ. ಇಂಥ ಮಿಶ್ರಣಕ್ಕೆ ಇಂಗ್ಲೆಂಡಿನ ಭೌತವಿಜ್ಞಾನಿ ಫ್ರೆಡರಿಕ್ ಗುಥ್ರಿ 1884ರಲ್ಲಿ ‘ಯೂಟೆಕ್ಟಿಕ್’ ಎಂಬ ಹೆಸರು ಕೊಟ್ಟರು. ಸಲೀಸಾಗಿ ಕರಗುವಂಥದ್ದು ಎಂದು ಅರ್ಥ. ಅದಕ್ಕೂ ಮುಂಚೆ, 1870ರ ದಶಕದಲ್ಲಿ, ಅಮೆರಿಕದ ವಿಲಾರ್ಡ್ ಗಿಬ್ಸ್ ಲೆಕ್ಕವನ್ನು ತೀರಿಸಿಬಿಟ್ಟಿದ್ದರು. ಒತ್ತಡ ಸ್ಥಿರವಾಗಿದ್ದರೆ, ಘಟಕಗಳ (ಇಲ್ಲಿ ಲೋಹಗಳ) ಸಂಖ್ಯೆಗೆ ಒಂದು ಕೂಡಿಸಿ, ಜೊತೆಗಿರುವ ಪ್ರಾವಸ್ಥೆಗಳ (ದ್ರವ ಒಂದು, ಪ್ರತಿ ಬಗೆಯ ಹರಳು ಒಂದೊಂದು) ಸಂಖ್ಯೆಯನ್ನು ಕಳೆಯಿರಿ, ಉಳಿದದ್ದು ಸ್ವಾತಂತ್ರ್ಯ, ಅಂದರೆ ತಾಪಮಾನ ಬದಲಾಗಲು ಇರುವ ಅವಕಾಶ. ಒಂದು ಲೋಹ, ಹರಳು ಮತ್ತು ದ್ರವ: ಸೊನ್ನೆ, ತಾಪಮಾನ ನಿಲ್ಲಲೇಬೇಕು. ಎರಡು ಲೋಹ, ಒಂದು ಬಗೆಯ ಹರಳು ಮತ್ತು ದ್ರವ: ಒಂದು, ತಾಪಮಾನ ಜಾರಬಹುದು. ಎರಡು ಲೋಹ, ಎರಡು ಬಗೆಯ ಹರಳು ಮತ್ತು ದ್ರವ: ಮತ್ತೆ ಸೊನ್ನೆ. ನಿಮ್ಮ ಬಟ್ಟಲಿನ ಕಥೆ ಈ ಮೂರು ಸಾಲುಗಳಲ್ಲಿ ಮುಗಿಯುತ್ತದೆ. ಇಷ್ಟು ಚಿಕ್ಕ ಲೆಕ್ಕ ಇಷ್ಟೊಂದನ್ನು ಹೇಳುವುದು ನನಗೆ ಇಂದಿಗೂ ಬೆರಗು.

ಎರಡನೆಯ ಪ್ರಶ್ನೆಗೆ ಉತ್ತರ: ಉಂಟು, ಗಟ್ಟಿ ಲೋಹದಲ್ಲೂ ಉಂಟು. ಶೇ 0.8ರಷ್ಟು ಇಂಗಾಲವಿರುವ ಉಕ್ಕನ್ನು ಕೆಂಪಗೆ ಕಾಯಿಸಿ ನಿಧಾನವಾಗಿ ಆರಿಸಿದರೆ, 727 ಡಿಗ್ರಿಯಲ್ಲಿ ಒಳಗಿನ ಒಂದೇ ಬಗೆಯ ಹರಳು ಒಡೆದು, ಕಬ್ಬಿಣ ಮತ್ತು ಕಬ್ಬಿಣದ ಕಾರ್ಬೈಡ್ ಎಂಬ ತೆಳು ಪದರಗಳಾಗುತ್ತವೆ. ಇಲ್ಲೂ ಎರಡು ಘಟಕ (ಕಬ್ಬಿಣ, ಇಂಗಾಲ), ಮೂರು ಪ್ರಾವಸ್ಥೆ (ಹಳೆಯ ಹರಳು, ಹೊಸ ಪದರಗಳ ಎರಡು ಬಗೆ). ಲೆಕ್ಕ ಅದೇ ಸೊನ್ನೆ. ತುಸು ಬೇಗ ಆರಿಸಿದರೆ ಈ ಬದಲಾವಣೆ ತಡವಾಗಿ, 727ಕ್ಕಿಂತ ಕೆಳಗೆ ಶುರುವಾಗುತ್ತದೆ. ಆಗ ಒಮ್ಮೆಲೇ ಹೊರಬಂದ ಶಾಖ ಉಕ್ಕನ್ನು ಮತ್ತೆ ಬಿಸಿ ಮಾಡುತ್ತದೆ. ಮಂಕಾಗುತ್ತಿದ್ದ ತಂತಿ ಕತ್ತಲಲ್ಲಿ ಯಾರೂ ಮುಟ್ಟದೆಯೇ ಮತ್ತೊಮ್ಮೆ ಕೆಂಪಗೆ ಬೆಳಗುತ್ತದೆ. ವಿಲಿಯಂ ಬ್ಯಾರೆಟ್ 1873ರಲ್ಲಿ ಈ ಮರುಹೊಳಪನ್ನು ವರ್ಣಿಸಿದರು.

ಒಂದು ಎಚ್ಚರಿಕೆ, ಒಂದು ಕೋರಿಕೆ. ಸೀಸ ವಿಷ, ಈ ಪ್ರಯೋಗವನ್ನು ಗಾಳಿಯಾಡುವ ಜಾಗದಲ್ಲೇ ಮಾಡಿ, ಮಕ್ಕಳನ್ನು ದೂರವಿಡಿ, ಆ ಬಟ್ಟಲನ್ನು ಬೇರೆ ಯಾವುದಕ್ಕೂ ಬಳಸಬೇಡಿ, ಸೋಪು ಹಚ್ಚಿ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ. ಸಾಧ್ಯವಾದರೆ ಸೀಸವಿಲ್ಲದ, ಶೇ 99.3 ತವರ ಮತ್ತು 0.7 ತಾಮ್ರದ ತಂತಿಯನ್ನೂ ಕರಗಿಸಿ, ಪ್ರತಿ ಹತ್ತು ಸೆಕೆಂಡಿಗೊಮ್ಮೆ ಅಂಕಿ ಬರೆದು ಕಳುಹಿಸಿ. ಅದು 227ರಲ್ಲಿ ನಿಲ್ಲಬೇಕು. ನಿಮ್ಮ ಮೂರೂ ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ಅಚ್ಚು ಮಾಡುತ್ತೇವೆ.