ಡಾಕ್ಟರ ಹತ್ತಿರ ದುಡ್ಡಿನ ಮಾತೂ ಆಡಿ

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬ ತಾಯಿಯ ವಿಷಯ ಇದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇದೇ ಕಷ್ಟ ಹೊತ್ತು ಬರುವವರು ಒಬ್ಬಿಬ್ಬರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಕೆಗೆ ಐವತ್ತು ದಾಟಿದೆ. ನಿದ್ದೆ ಬರುತ್ತಿಲ್ಲ ಎಂದು ಬಂದಿದ್ದರು. ಬೆಳೆದ ಮಗನಿಗೆ ಬುದ್ಧಿಮಾಂದ್ಯತೆ, ಜೊತೆಗೆ ಫಿಟ್ಸ್. ಅವನ ಅಂಗವಿಕಲ ಪಿಂಚಣಿ ತಿಂಗಳಿಗೆ 800 ರೂಪಾಯಿ. ಉಳಿದದ್ದು ಈಕೆಯ ಕೂಲಿ.

ಮುಂದಿನ ಸಲ ಮಗನ ಮಾತ್ರೆ ತರಲು ಹೇಳಿದ್ದೆ. ಚೀಲದಿಂದ ಸಣ್ಣ ಸ್ಟೀಲ್ ಡಬ್ಬಿ ತೆಗೆದರು. ಒಳಗೆ ಫಿಟ್ಸ್ ತಡೆಯುವ ವಾಲ್ಪ್ರೊಯೇಟ್ ಮಾತ್ರೆಗಳು. ಎಲ್ಲವನ್ನೂ ಚಾಕುವಿನಿಂದ ಅರ್ಧ ಮಾಡಿದ್ದರು, ತಳದಲ್ಲಿ ಪುಡಿ ಉದುರಿತ್ತು.

“ತಿಂಗಳ ಕೊನೇವರೆಗೂ ಬರಬೇಕಲ್ಲ ಮೇಡಂ.”

“ಡಾಕ್ಟರಿಗೆ ಹೇಳಿದ್ರಾ?”

“ಅಯ್ಯೋ, ಅವರ ಹತ್ರ ದುಡ್ಡಿಲ್ಲ ಅಂತ ಹೇಗೆ ಹೇಳೋದು? ಫಿಟ್ಸ್ ನಿಂತಿಲ್ಲ ಅಂದೆ. ಮಾತ್ರೆ ಜಾಸ್ತಿ ಬರೆದ್ರು. ಅದನ್ನೂ ಅರ್ಧ ಮಾಡ್ದೆ.”

ನನಗೆ ಎದೆ ಧಸಕ್ಕೆಂದಿತು. ಪೂರ್ತಿ ಕೊಡದ ಔಷಧಿ ಕೆಲಸ ಮಾಡುತ್ತಿಲ್ಲ ಎಂದುಕೊಂಡು ಡಾಕ್ಟರು ಡೋಸ್ ಏರಿಸಿದ್ದರು. ಫಿಟ್ಸ್ ಮಾತ್ರೆಯನ್ನು ತಾವಾಗಿ ಕಡಿಮೆ ಮಾಡಿದರೆ ಫಿಟ್ಸ್ ನಿಲ್ಲದೆ ಬರುವ ಅಪಾಯವಿದೆ. ಕೆಲವು ಮಾತ್ರೆಗಳನ್ನು ಮುರಿಯಲೇಬಾರದು.

ಅವತ್ತು ನಿದ್ದೆಯ ಬಗ್ಗೆ ಮಾತಾಡಲೇ ಇಲ್ಲ. ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ‘ದುಡ್ಡಿಲ್ಲದೆ ಅರ್ಧ ಮಾತ್ರೆ ಕೊಡುತ್ತಿದ್ದೆ. ಕಡಿಮೆ ಬೆಲೆಯದ್ದು ಬರೆದುಕೊಡಿ.’ ಹೇಳಲು ಬಾಯಿ ಬರದಿದ್ದರೆ ಚೀಟಿಯನ್ನೇ ಕೊಡಿ ಎಂದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್‌ನಲ್ಲಿ ವಿಚಾರಿಸಿ, ಅಲ್ಲಿ ಔಷಧಿ ಉಚಿತ ಎಂದೂ ಹೇಳಿದೆ. ಅಲ್ಲಿ ಸಿಗದಿದ್ದರೆ ಜನೌಷಧಿ ಕೇಂದ್ರ. ಆದರೆ ಫಿಟ್ಸ್ ಮಾತ್ರೆಯ ಕಂಪನಿ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಆಯುಷ್ಮಾನ್ ಕಾರ್ಡ್ ಇದ್ದರೂ ಆಕೆಗೆ ಉಪಯೋಗ ಆಗಿರಲಿಲ್ಲ. ಅದು ಮುಖ್ಯವಾಗಿ ಅಡ್ಮಿಟ್ ಆದರೆ ಬರುವುದು, ತಿಂಗಳ ಮಾತ್ರೆಗಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆ ಬೇರೆ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ವರ್ಷಕ್ಕೆ 1 ಲಕ್ಷದವರೆಗೆ, ಹೊರರೋಗಿ ಚಿಕಿತ್ಸೆಯೂ ಸೇರಿ.

ಕಾರ್ಡು, ಅರ್ಜಿ ಎಲ್ಲ ಆಪ್ತಸಲಹೆಯಾ ಎಂದು ಕೇಳುವವರಿದ್ದಾರೆ. ಹೌದು ಎನ್ನುತ್ತೇನೆ. ರಾತ್ರಿ ಯಾವಾಗ ಮಗನಿಗೆ ಫಿಟ್ಸ್ ಬರುತ್ತೋ ಎಂದು ಕಾಯುವ ತಾಯಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಬಡತನ ಮುಚ್ಚಿಡುವುದು ಅವರಿಗೆ ಮರ್ಯಾದೆಯ ಪ್ರಶ್ನೆ. ಹಾಗಾಗಿ ನಾವೇ ಮೊದಲು ಕೇಳಬೇಕು, ಡಾಕ್ಟರೂ ಕೇಳಬೇಕು: “ಈ ಮಾತ್ರೆ ಕೊಳ್ಳೋಕೆ ಆಗುತ್ತಾ?”

ಚೀಟಿ ನೋಡಿ ಡಾಕ್ಟರು ಬೈಯಲಿಲ್ಲವಂತೆ. ಹಳೇ ಡೋಸ್‌ಗೇ ಇಳಿಸಿ, ಪೂರ್ತಿ ಕೊಡಲು ಹೇಳಿದ್ದಾರೆ. ನಿರಾಮಯ ಅರ್ಜಿ ಇನ್ನೂ ಹಾಕಿಲ್ಲ. ಆಧಾರ್‌ನಲ್ಲಿ ಮಗನ ಹೆಸರು ಒಂದು ಥರ, ಅಂಗವಿಕಲ ಪ್ರಮಾಣಪತ್ರದಲ್ಲಿ ಇನ್ನೊಂದು ಥರ ಇದೆ. ಮೊದಲು ಅದನ್ನು ಸರಿಮಾಡಿಸಬೇಕು.