ಓದುಗರ ಪ್ರಶ್ನೆಗೆ ಉತ್ತರ: ಮೂರನೇ ಕವಲೂ ಕಾಣಬೇಕು

ಪ್ರಕೃತಿಯಲ್ಲಿ ಸಿಗುವ ಫ್ರ್ಯಾಕ್ಟಲ್ ವಿನ್ಯಾಸಗಳ ಫೋಟೊ ತೆಗೆಯೋದು ಹೇಗೆ ಅಂತ ಈ ಸಲ ತುಂಬ ಜನ ಕೇಳಿದ್ದಾರೆ. ಹೊಸಬರಿಗೆ ಮೊದಲು ಒಂದು ಮಾತು. ಒಂದು ವಸ್ತುವಿನ ಇಡೀ ಆಕಾರವೇ ಅದರ ತುಣುಕಿನಲ್ಲೂ, ಆ ತುಣುಕಿನ ತುಣುಕಿನಲ್ಲೂ ಮತ್ತೆ ಕಂಡರೆ ಅದು ಫ್ರ್ಯಾಕ್ಟಲ್. 1975ರಲ್ಲಿ ಈ ಹೆಸರು ಇಟ್ಟವರು ಗಣಿತಜ್ಞ ಬೆನ್ವಾ ಮ್ಯಾಂಡಲ್‌ಬ್ರಾಟ್.

ಪ್ರಶ್ನೆ: ನಮ್ಮ ತೋಟದ ಧರೆ ತುಂಬಾ ಫರ್ನ್ ಇದೆ. ಕಣ್ಣಿಗೆ ಎಷ್ಟು ಚೆಂದ! ಫೋನಿನಲ್ಲಿ ತೆಗೆದರೆ ಮಾತ್ರ ಬರೀ ಹಸಿರು ಗುಪ್ಪೆ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಕೊಳ್ಳಲೇಬೇಕಾ? (ಓದುಗರು, ಸಾಗರ)

ಉತ್ತರ: ಈಗಲೇ ದುಡ್ಡು ಹಾಕಬೇಡಿ. ನಿಮ್ಮ ತೊಂದರೆ ಲೆನ್ಸಿನದಲ್ಲ ಅನಿಸುತ್ತದೆ.

ಫ್ರ್ಯಾಕ್ಟಲ್ ಫೋಟೊ ಅಂದರೆ ಒಂದೇ ಚೌಕಟ್ಟಿನಲ್ಲಿ ಕನಿಷ್ಠ ಮೂರು ಹಂತ ಕಾಣಬೇಕು: ದೊಡ್ಡ ಗರಿ, ಅದರ ಎರಡೂ ಕಡೆಯ ಚಿಕ್ಕ ಗರಿಗಳು, ಆ ಚಿಕ್ಕ ಗರಿಯ ಅಂಚಿನ ಪುಟ್ಟ ಎಲೆಗಳು. ಎರಡೇ ಹಂತ ಕಂಡರೆ ಅದು ಸುಮ್ನೆ ಒಂದು ಎಲೆಯ ಫೋಟೊ. ತೀರಾ ಹತ್ತಿರ ಹೋಗಿ ಪುಟ್ಟ ಎಲೆಯನ್ನೇ ತುಂಬಿಸಿಕೊಂಡರೆ ಅದು ಯಾವುದರ ತುಣುಕು ಅನ್ನೋದೇ ಗೊತ್ತಾಗುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಮ್ಯಾಕ್ರೊ ಎಷ್ಟೋ ಸಲ ಬೇಕಾಗಿಯೇ ಇರುವುದಿಲ್ಲ. ಗರಿಯ ಬುಡದಿಂದ ತುದಿಯವರೆಗೂ ಎಲ್ಲವೂ ಚೂಪಾಗಿ ಬರೋದು ಮುಖ್ಯ.

ಮೊದಲು ಗಿಡ ಆರಿಸಿಕೊಳ್ಳಿ. ಮನೆಯ ಕುಂಡದಲ್ಲಿ ಜಾಸ್ತಿ ಬೆಳೆಸುವ ಉದ್ದ ಗರಿಯ ಫರ್ನಿನ ಎಲೆ ಒಂದೇ ಸಲ ಸೀಳಿರುತ್ತದೆ, ನಡುವೆ ದಂಟು, ಎರಡೂ ಪಕ್ಕ ಪಟ್ಟಿ, ಅಷ್ಟೆ, ಅದರಲ್ಲಿ ಮೂರನೇ ಹಂತವೇ ಇಲ್ಲ, ಇನ್ನು ಫೋಟೊದಲ್ಲಿ ಎಲ್ಲಿಂದ ಬರಬೇಕು! ಧರೆಯ ಮೇಲೆ ಹುಡುಕಿದರೆ ಎರಡು ಮೂರು ಸಲ ಸೀಳಿದ, ಸಣ್ಣ ಸಣ್ಣ ಎಲೆಯ ಜಾತಿಗಳು ಸಿಗುತ್ತವೆ. ಒಂದು ಪಕ್ಕದ ಗರಿಯನ್ನು ಬೆರಳಲ್ಲಿ ಹಿಡಿದು ಇಡೀ ಗರಿಯ ಜೊತೆ ಹೋಲಿಸಿ. ಅದೇ ತ್ರಿಕೋನ, ಅದೇ ಚೂಪು ತುದಿ ಕಂಡರೆ ಅದೇ ನಿಮ್ಮ ಗಿಡ.

ಆಮೇಲೆ ಹಿನ್ನೆಲೆ. ಹಸಿರಿನ ಹಿಂದೆ ಹಸಿರು ಇದ್ದರೆ ಯಾವ ಕ್ಯಾಮೆರಾವೂ ಅಂಚನ್ನು ಬಿಡಿಸಿ ಕೊಡುವುದಿಲ್ಲ. ಮಲೆನಾಡಿನಲ್ಲಿ ಕೊಡೆ ಇಲ್ಲದ ಮನೆ ಇಲ್ಲ ಅಲ್ವಾ, ಕಪ್ಪು ಕೊಡೆಯನ್ನು ಬಿಚ್ಚಿ ಎಲೆಯ ಹಿಂದೆ ಒಂದೆರಡು ಅಡಿ ದೂರದಲ್ಲಿ ಇಡಿ. ಕಪ್ಪು ಕಂಡ ಫೋನು ಇಡೀ ಚಿತ್ರವನ್ನು ಬೆಳಗಿಸಿಬಿಡುತ್ತದೆ, ಎಲೆ ಬೆಳ್ಳಗೆ ಹೊಡೆಯುತ್ತದೆ. ಪರದೆಯಲ್ಲಿ ಎಲೆಯ ಮೇಲೆ ಒತ್ತಿ, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಫೋನನ್ನು ಎಲೆಗೆ ಸಮಾನಾಂತರವಾಗಿ ಹಿಡಿಯಿರಿ. ಓರೆಯಾದರೆ ತುದಿ ಚೂಪು, ಬುಡ ಮಸುಕು. ಮೋಡ ಕವಿದ ಹೊತ್ತು ಒಳ್ಳೆಯದು, ಗಾಳಿ ಇರಬಾರದು.

ಅಗ್ಗದ ಫೋನುಗಳಲ್ಲಿ ಮ್ಯಾಕ್ರೊ ಅಂತ ಬೇರೆಯೇ ಒಂದು ಪುಟ್ಟ ಕ್ಯಾಮೆರಾ ಇರುತ್ತದೆ, ಎಷ್ಟೋ ಮಾದರಿಗಳಲ್ಲಿ ಬರೀ 2 ಮೆಗಾಪಿಕ್ಸೆಲ್‌ನದು. ಅದನ್ನು ಮುಟ್ಟಲೇಬೇಡಿ. ಮುಖ್ಯ ಕ್ಯಾಮೆರಾದಲ್ಲೇ ಸ್ವಲ್ಪ ಹಿಂದೆ ಸರಿದು ತೆಗೆದು, ಆಮೇಲೆ ಕತ್ತರಿಸಿಕೊಳ್ಳಿ. ದೊಡ್ಡ ಕ್ಯಾಮೆರಾ ಇರುವವರಿಗೂ ಒಂದು ಮಾತು: ಎಲ್ಲ ಚೂಪಾಗಲಿ ಅಂತ ಎಫ್/22ಕ್ಕೆ, ಅಂದರೆ ಲೆನ್ಸಿನ ಕಿಂಡಿಯ ತೀರಾ ಕಿರಿದಾದ ಅಳತೆಗೆ, ಹೋಗಬೇಡಿ. ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರಿ, ಎಲ್ಲಕ್ಕಿಂತ ಸಣ್ಣ ವಿವರವೇ ಮೊದಲು ಮಸುಕಾಗುತ್ತದೆ. ಅಂದರೆ ನಮಗೆ ಬೇಕಾದ ಮೂರನೇ ಕವಲೇ ಹೋಯಿತು. ಎಫ್/8, ಹೆಚ್ಚೆಂದರೆ ಎಫ್/11 ಸಾಕು.

ಪ್ರಶ್ನೆ: ಜೇನುಗೂಡು, ಜೇಡರ ಬಲೆ, ಸೂರ್ಯಕಾಂತಿ, ಶಂಖ, ಇವೆಲ್ಲ ಫ್ರ್ಯಾಕ್ಟಲ್ ಅಲ್ವಾ? ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರುವ ನನಗೆ ಇನ್ನೇನು ಸಿಗುತ್ತೆ? (ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಅಲ್ಲ. ಅವೆಲ್ಲ ಚೆಂದದ ವಿನ್ಯಾಸಗಳೇ, ಆದರೆ ಜೇನುಗೂಡಿನಲ್ಲಿ ಒಂದೇ ಅಳತೆಯ ಕೋಣೆ ಪಕ್ಕಪಕ್ಕ ಕೂತಿರುತ್ತದೆ, ಕೋಣೆಯೊಳಗೆ ಇನ್ನೊಂದು ಗೂಡು ಇರುವುದಿಲ್ಲ. ಸೂರ್ಯಕಾಂತಿಯ ಒಂದು ಬೀಜ ಕಿತ್ತರೆ ಅದು ಪುಟ್ಟ ಸೂರ್ಯಕಾಂತಿಯಂತೆ ಕಾಣುವುದಿಲ್ಲ. ಕವಲಿಲ್ಲದೆ ಒಂದೇ ಸುರುಳಿ ಸುತ್ತಿದ್ದನ್ನೆಲ್ಲ ಫ್ರ್ಯಾಕ್ಟಲ್ ಅಂತ ಹಂಚಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ, ಎಲ್ಲಕ್ಕೂ ಅದೇ ಹೆಸರಿಟ್ಟರೆ ನಿಜವಾದದ್ದನ್ನು ನೋಡುವ ಕಣ್ಣೇ ಮಂಕಾಗುತ್ತದೆ.

ನಿಮ್ಮ ಅಡುಗೆಮನೆಗೇ ಹೋಗಿ. ಹೂಕೋಸಿನ ಒಂದು ಹೂ ಮುರಿಯಿರಿ, ಅದು ಪುಟ್ಟ ಹೂಕೋಸು. ಅದರಿಂದ ಉಗುರಲ್ಲಿ ಇನ್ನೊಂದು ಚೂರು ಬಿಡಿಸಿ, ಅದೂ ಹಾಗೇ. ಹೀಗೇಕೆ ಅನ್ನೋದಕ್ಕೆ 2021ರಲ್ಲಿ ಫ್ರಾನ್ಸಿನ ವಿಜ್ಞಾನಿಗಳ ತಂಡ ಉತ್ತರ ಕೊಟ್ಟಿತು. ಪ್ರತಿ ಮೊಗ್ಗೂ ಹೂವಾಗಲು ಹೊರಡುತ್ತದೆ, ಆಗಲಾರದೆ ಮತ್ತೆ ಕಾಂಡವಾಗುತ್ತದೆ, ಆ ಕಾಂಡದಲ್ಲಿ ಮತ್ತೆ ಮೊಗ್ಗು, ಅದೂ ಹೂವಾಗುವುದಿಲ್ಲ. ಹೀಗೇ ಒಂದರ ಮೇಲೊಂದು. ಫೋಟೊಗೆ ಹೂಕೋಸನ್ನು ನಡುವೆ ಸೀಳಿ, ಸೀಳಿದ ಮುಖವನ್ನು ಕಿಟಕಿಯ ಪಕ್ಕ ಇಡಿ. ಬೆಳಕು ಒಂದೇ ಬದಿಯಿಂದ ಬರಬೇಕು, ಇಲ್ಲದಿದ್ದರೆ ಬಿಳಿಯಲ್ಲಿ ಬಿಳಿ ಕರಗಿಹೋಗುತ್ತದೆ.

ಮಸಾಲೆ ಡಬ್ಬಿಯ ಕಲ್ಲುಹೂವನ್ನೂ ನೋಡಿ. ಒಣಗಿ ಮುದುಡಿದ್ದರೆ ಸ್ವಲ್ಪ ನೀರು ಚಿಮುಕಿಸಿ, ಮೆತ್ತಗಾಗಿ ಬಿಡಿಸಿಕೊಳ್ಳುತ್ತದೆ. ಅದರ ಅಂಚು ಹಾಲೆಯಾಗಿ, ಹಾಲೆ ಮತ್ತೆ ಹಾಲೆಯಾಗಿ ಒಡೆದಿರುತ್ತದೆ. ಬೂದು ಮೇಲ್ಭಾಗ, ಕಪ್ಪು ತಳ, ಎರಡೂ ಒಟ್ಟಿಗೆ ಕಾಣುವಂತೆ ಇಟ್ಟರೆ ಅಂಚು ತಾನೇ ಎದ್ದು ಬರುತ್ತದೆ.

ಅರಳಿ ಎಲೆಯನ್ನು ಕೆಲವು ವಾರ ನೀರಲ್ಲಿ ನೆನೆಹಾಕಿ, ಕೊಳೆತ ತಿರುಳನ್ನು ಮೆತ್ತನೆ ಬ್ರಷ್‌ನಲ್ಲಿ ತೆಗೆದರೆ ನರಗಳ ಜಾಲ ಮಾತ್ರ ಉಳಿಯುತ್ತದೆ. ಹಿಂದಿನಿಂದ ಬೆಳಕು ಕೊಡಲು ಲ್ಯಾಪ್‌ಟಾಪಿನ ಬಿಳಿ ಪರದೆ ಸಾಕು. ಆದರೆ ಎಲೆಯನ್ನು ನೇರವಾಗಿ ಪರದೆಗೆ ಅಂಟಿಸಬೇಡಿ, ಪರದೆಯ ಚುಕ್ಕಿಗಳೂ ಫೋಟೊದಲ್ಲಿ ಬರುತ್ತವೆ. ಒಂದು ಗೇಣು ಮುಂದೆ ಹಿಡಿಯಿರಿ.

ಪ್ರಶ್ನೆ: ಇಲ್ಲಿ ಚಳಿಗಾಲದಲ್ಲಿ ಗಾಜಿನ ಮೇಲೆ ಮಂಜು ಎಲೆ ಬಿಡಿಸಿದ ಹಾಗೆ ಕಟ್ಟುತ್ತೆ ಅಂತ ಕೇಳಿದ್ದೆ. ನಮ್ಮ ಮನೆಯಲ್ಲಿ ಒಂದು ದಿನವೂ ಕಾಣಲಿಲ್ಲ! (ಓದುಗರು, ಕೆನಡಾದ ಎಡ್ಮಂಟನ್‌ನಿಂದ)

ಉತ್ತರ: ನಿಮ್ಮದು ಎರಡು ಪದರದ ಗಾಜು ಇರಬೇಕು, ಅದರ ಒಳಮುಖ ಅಷ್ಟು ತಣ್ಣಗಾಗುವುದಿಲ್ಲ. ಬೆಳಿಗ್ಗೆ ಹೊರಗೆ ನಿಂತ ಕಾರಿನ ಗಾಜು ನೋಡಿ. ಕೆರೆದು ತೆಗೆಯುವ ಮೊದಲು ಫೋಟೊ! ಉಸಿರು ತಾಗಿಸಬೇಡಿ, ಕರಗುತ್ತದೆ. ಫೋಕಸ್ ಕೈಯಲ್ಲೇ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ಗಾಜಿನಾಚೆಗೆ ನೋಡುತ್ತದೆ. ಉತ್ಸಾಹಕ್ಕೆ ಬೇಕಿದ್ದರೆ ಅಮೆರಿಕದ ವರ್ಮಾಂಟ್‌ನ ರೈತ ವಿಲ್ಸನ್ ಬೆಂಟ್ಲಿಯ ಕೆಲಸ ಹುಡುಕಿ ನೋಡಿ. 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಫೋಟೊ ತೆಗೆದ, ಮುಂದೆ 5,000ಕ್ಕೂ ಜಾಸ್ತಿ ತೆಗೆದ.

ಪ್ರಶ್ನೆ: ಕಡಲು ಹಿಂದೆ ಸರಿದಾಗ ಮರಳಿನಲ್ಲಿ ಮರದ ಕೊಂಬೆಗಳಂಥ ಗೆರೆ ಬೀಳುತ್ತವಲ್ಲ, ಅದನ್ನು ಹೇಗೆ ತೆಗೆಯೋದು? ಇಡೀ ಕರಾವಳಿಯೇ ಫ್ರ್ಯಾಕ್ಟಲ್ ಅಂತಾರಲ್ಲ, ನಿಜವಾ? (ಓದುಗರು, ಹೊನ್ನಾವರ)

ಉತ್ತರ: ನಿಜ. 1967ರಲ್ಲಿ ಇದೇ ಮ್ಯಾಂಡಲ್‌ಬ್ರಾಟ್ ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಅಂತ ಕೇಳಿದ್ದರು. ಅಳತೆಪಟ್ಟಿ ಚಿಕ್ಕದಾದಷ್ಟೂ ಇನ್ನಷ್ಟು ಮೂಲೆ, ಕೊಲ್ಲಿ, ಬಂಡೆಯ ಅಂಚು ಲೆಕ್ಕಕ್ಕೆ ಬಂದು ಉದ್ದ ಬೆಳೆಯುತ್ತಾ ಹೋಗುತ್ತದೆ. ಈಚೆಗೆ ನಮ್ಮ ದೇಶದಲ್ಲೂ ಅದೇ ಆಯಿತು. ವರ್ಷಗಟ್ಟಲೆ ನಾವು ಓದಿದ್ದ 7,516 ಕಿ.ಮೀ. ಕರಾವಳಿ, ಇನ್ನೂ ಸೂಕ್ಷ್ಮ ನಕ್ಷೆ ಇಟ್ಟು ಅಳೆದಾಗ 11,098 ಕಿ.ಮೀ. ಆಯಿತು. ಕರ್ನಾಟಕದ್ದು 280ರಿಂದ 343ಕ್ಕೆ ಏರಿತು. ಸಮುದ್ರವೂ ಅದೇ, ನೆಲವೂ ಅದೇ.

ಮರಳಿನ ಗೆರೆಗೆ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಹೋಗಿ, ಆಗ ಇಳಿತ ಜಾಸ್ತಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಇಳಿತವೂ ಇಳಿಬಿಸಿಲೂ ಕೂಡಿ ಬರುವ ದಿನ ನೋಡಿಕೊಳ್ಳಿ. ನಡು ಮಧ್ಯಾಹ್ನ ಗೆರೆಯ ಆಳವೇ ಕಾಣುವುದಿಲ್ಲ. ಸಂಜೆ ಕಡಲಿಗೆ ಮುಖ ಮಾಡಿ ನಿಂತರೆ ಗೆರೆಯೊಳಗಿನ ನೀರು ಹೊಳೆಯುತ್ತದೆ, ಮರಳು ಕಪ್ಪಾಗುತ್ತದೆ, ನಿಮ್ಮ ನೆರಳು ಹಿಂದೆ ಬೀಳುತ್ತದೆ. ಚೌಕಟ್ಟಿನಲ್ಲಿ ಕಪ್ಪೆಚಿಪ್ಪು, ಕಾಲು ಯಾವುದೂ ಬೇಡ. ಅಳತೆ ತಿಳಿಯದಿದ್ದರೆ ಅದು ಮೊಣಕೈ ಉದ್ದದ ಗೆರೆಯೋ, ವಿಮಾನದಿಂದ ಕಂಡ ನದಿಯೋ ಅಂತ ನೋಡುವವರು ನಿಂತು ಯೋಚಿಸಬೇಕಾಗುತ್ತದೆ. ನನಗೆ ಆ ಗೊಂದಲವೇ ಇಷ್ಟ.

ಪ್ರಶ್ನೆ: ಮಗನಿಗೆ ಮಿಂಚಿನ ಫೋಟೊದ ಹುಚ್ಚು, ತಾರಸಿಗೆ ಓಡುತ್ತಾನೆ. ಏನು ಹೇಳಲಿ? (ತಾಯಿ, ಧಾರವಾಡ)

ಉತ್ತರ: ತಾರಸಿ ಖಂಡಿತ ಬೇಡ, ಅಮ್ಮ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಇಲ್ಲ ಅಂದರೆ ಸಿಡಿಲು ಸುಮಾರು 10 ಕಿ.ಮೀ. ಒಳಗೇ ಇದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೂ ಮನೆಯೊಳಗೇ ಇರಲಿ. ರಾತ್ರಿ ಮಳೆ ದೂರದಲ್ಲಿದ್ದಾಗ ಒಳಗಿನಿಂದಲೇ, ಮುಚ್ಚಿದ ಕಿಟಕಿಯ ಗಾಜಿನ ಮೂಲಕ ತೆಗೆಯಬಹುದು. ಕೋಣೆಯ ದೀಪ ಆರಿಸಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಪ್ರೊ ಮೋಡ್‌ನಲ್ಲಿ (ಎಲ್ಲವನ್ನೂ ನಾವೇ ಹೊಂದಿಸುವ ಆಯ್ಕೆ) ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಸಮಯ 8 ಸೆಕೆಂಡ್, ಫೋಕಸ್ ತೀರಾ ದೂರಕ್ಕೆ ಇಟ್ಟು ಒಂದರ ಹಿಂದೊಂದು ತೆಗೆಯುತ್ತಾ ಹೋಗಲಿ. ಬಹಳಷ್ಟು ಖಾಲಿ ಬರುತ್ತವೆ. ಮಿಂಚು ಬಿದ್ದ ಫೋಟೊ ಸಿಕ್ಕಾಗ ದೊಡ್ಡದು ಮಾಡಿ, ಮುಖ್ಯ ಗೆರೆಯಿಂದ ಹೊರಟು ನೆಲ ಮುಟ್ಟದೆ ನಿಂತ ಸಣ್ಣ ಕವಲುಗಳನ್ನು ಅವನ ಜೊತೆ ಕೂತು ನೋಡಿ.