ಜಾಲಿ ಮುಳ್ಳು, ಪಂಕ್ಚರ್ ಮತ್ತು ಒಬ್ಬರ ಪೆಟ್ರೋಲ್ ಲೆಕ್ಕ

ಪ್ರಶ್ನೆ: ಪರಿಸರದ ಕಾಳಜಿಯಿಂದ ಸ್ಕೂಟರ್ ಬಿಟ್ಟು ದಿನಕ್ಕೆ 12 ಕಿ.ಮೀ. ಸೈಕಲ್ ತುಳಿಯುತ್ತಿದ್ದೇನೆ. ಜಾಲಿ ಮುಳ್ಳಿಗೆ ಪಂಕ್ಚರ್ ಆಗುತ್ತಲೇ ಇರುತ್ತದೆ. ಹಾಕಿಸಿದ ಮರುದಿನವೇ ಮತ್ತೆ ಗಾಳಿ ಇಳಿಯುತ್ತದೆ. ನಾನೊಬ್ಬ ತುಳಿದರೆ ಭೂಮಿಗೇನು ಲಾಭ? ಮನುಷ್ಯ ಪ್ರಕೃತಿಗೆ ಬರೀ ಕೇಡು ಮಾಡುವವನೇ ಅಲ್ಲವೇ?
– ಓದುಗರು, ಚಿತ್ರದುರ್ಗ

ಉತ್ತರ: ಮೊದಲು ಚಕ್ರ ಸರಿಮಾಡೋಣ. ಮುಳ್ಳಿನ ತುದಿ ಮುರಿದು ಟೈರಿನಲ್ಲೇ ಉಳಿದಿರಬೇಕು. ಟೈರಿನ ಒಳಮೈ ಮೇಲೆ ಹತ್ತಿಯ ಉಂಡೆ ಆಡಿಸಿ. ಎಳೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಒಳಗಿನಿಂದ ದಬ್ಬಳದಲ್ಲಿ ತಳ್ಳಿ, ಹೊರಗೆ ಇಕ್ಕಳದಿಂದ ಕೀಳಿ. ಟ್ಯೂಬನ್ನು ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳುವಾಗಿ ಸವರಿ, ಬೆರಳಿಗೆ ಅಂಟದಷ್ಟು ಒಣಗಲು ಐದು ನಿಮಿಷ ಬಿಡಿ. ಅವಸರಪಟ್ಟು ಹಸಿಯಿರುವಾಗಲೇ ಪ್ಯಾಚ್ ಒತ್ತಿದರೆ ಅಂಚು ಏಳುತ್ತದೆ. ಆಮೇಲೂ ಗಾಳಿ ಇಳಿದರೆ ವಾಲ್ ತುದಿಗೆ ಎಂಜಲು ಹಚ್ಚಿ ನೋಡಿ. ಗುಳ್ಳೆ ಎದ್ದರೆ ವಾಲ್ ಒಳಗಿನ ಸಣ್ಣ ರಬ್ಬರ್ ಕೊಳವೆ, ಅಂದರೆ ಬಿಸಿಲಿಗೆ ಸೀಳಿದ ವಾಲ್‌ಟ್ಯೂಬ್ ಬದಲಿಸಿದರೆ ಸಾಕು.

ಜಾಲಿ ಇರುವ ಕಡೆ ಇನ್ನೊಂದು ಕೆಲಸ ಮಾಡಲೇಬೇಕು. ಅದೇ ಗಾತ್ರದ ಹಳೆಯ ಟ್ಯೂಬಿನ ವಾಲ್ ಕತ್ತರಿಸಿ ತೆಗೆದು, ಉದ್ದಕ್ಕೆ ಸೀಳಿ, ಟೈರಿಗೂ ಟ್ಯೂಬಿಗೂ ನಡುವೆ ಹಾಸಿ. ಪೌಡರ್ ಉದುರಿಸುವುದನ್ನು ಮರೆಯಬೇಡಿ; ಇಲ್ಲದಿದ್ದರೆ ಸೀಳಿದ ಅಂಚು ಉಜ್ಜಿ ಒಳಗಿನ ಟ್ಯೂಬೇ ಸವೆಯುತ್ತದೆ. ತುಳಿಯಲು ತುಸು ಭಾರ, ಅಷ್ಟೇ. ಗಾಳಿ ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವಷ್ಟು ಇರಲಿ. ರಸ್ತೆಯಂಚಿನ ಮಣ್ಣಿಗೆ ಇಳಿಯದಿದ್ದರೆ ನೆಗ್ಗಿಲ ಮುಳ್ಳೂ ತಪ್ಪುತ್ತದೆ.

ಇನ್ನು ಲೆಕ್ಕ. ತಿಂಗಳಿಗೆ 25 ದಿನವೆಂದರೆ 300 ಕಿ.ಮೀ. ಲೀಟರಿಗೆ 50 ಕಿ.ಮೀ. ಓಡುವ ಸ್ಕೂಟರ್‌ಗೆ 6 ಲೀಟರ್ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಪೆಟ್ರೋಲಿನ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಸೇರುವುದರಿಂದ ತೂಕ ಅಷ್ಟು ಹೆಚ್ಚು. ವರ್ಷಕ್ಕೆ ನೀವು ಉಳಿಸುವುದು ಸುಮಾರು 165 ಕೆ.ಜಿ. ಭೂಮಿಯ ಲೆಕ್ಕದಲ್ಲಿ ಇದು ಚಿಕ್ಕದೇ, ಆದರೆ ಸೊನ್ನೆಯಲ್ಲ.

ಕೇಡಿನ ಮಾತಿಗೆ ನಿಮ್ಮ ಟೈರಿನಲ್ಲೇ ಉತ್ತರವಿದೆ. ಬಳ್ಳಾರಿ ಜಾಲಿ ಇಲ್ಲಿಯ ಗಿಡವಲ್ಲ, ಅಮೆರಿಕ ಖಂಡದ್ದು. ಸೌದೆಗಾಗಲಿ, ಬರಡು ನೆಲ ಹಸಿರಾಗಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಮನುಷ್ಯರು ತಂದು ಬೆಳೆಸಿದರು. ದನ, ಕುರಿಗಳು ಕಾಯಿ ತಿಂದು ಸಗಣಿ, ಹಿಕ್ಕೆಯಲ್ಲಿ ಬೀಜ ಹರಡಿದವು. ಇದನ್ನು ಹಿಮ್ಮೆಟ್ಟಿಸುವ ಕೆಲಸಕ್ಕೂ ಮನುಷ್ಯನೇ ಬೇಕು. ಬರೀ ಮೇಲೆ ಕಡಿದರೆ ಬುಡದಿಂದ ಹತ್ತಾರು ಚಿಗುರು ಏಳುತ್ತವೆ. ಹಾಗಾಗಿ ಜಾಗದವರ ಒಪ್ಪಿಗೆ ಪಡೆದು, ಮಳೆಗೆ ನೆಲ ಮೆತ್ತಗಾದಾಗ, ಎಳೆಯ ಗಿಡಗಳನ್ನು ಅರ್ಧ ಅಡಿ ಆಳ ಅಗೆದು ಬುಡಸಮೇತ ಕೀಳಿ; ಅಲ್ಲಿ ಹೊಂಗೆಯನ್ನೋ ಬೇವನ್ನೋ ನೆಡಿ. ಕೊಂಬೆ ಎಳೆದೊಯ್ದ ದಾರಿಗೆ ಅವತ್ತೇ ಪೊರಕೆ ಹಾಕಿ, ಮುಳ್ಳು ಉದುರಿರುತ್ತದೆ.